ಕಡಲಹಸುವಿನ ಡ್ರೈವರ್

ನನ್ನ ವ್ಯಾನಿನಲ್ಲಿ ಒಂದು ಕಡಲಹಸು ಮಲಗಿದೆ.
ಫೈಬರಿನದು. ಉದ್ದ ಎರಡೂ ಮುಕ್ಕಾಲು ಮೀಟರು.
ಬಾಲ ಬಾಗಿಲಿಗೆ ತಾಗುತ್ತದೆಂದು
ಅಬುಧಾಬಿಯಿಂದ ಮಿರ್ಫಾದವರೆಗೂ
ಹಳೆಯ ಚಾಪೆ ಸುತ್ತಿ ತರುತ್ತೇನೆ;
ಉಬ್ಬು ಬಂದಲ್ಲಿ ಬ್ರೇಕು ಮೆಲ್ಲಗೆ,
ಬಸುರಿಯನ್ನು ಆಸ್ಪತ್ರೆಗೆ ಒಯ್ಯುವವನ ಹಾಗೆ.

ಮುಂದಿನ ಸೀಟಿನಲ್ಲಿ ಇಲಾಖೆಯ ಮೌಜಾ ಮೇಡಂ
ಕರಪತ್ರ ಎಣಿಸುತ್ತಾರೆ:
ಅರಬಿ ಇನ್ನೂರು, ಇಂಗ್ಲಿಷು ಇನ್ನೂರು, ಉರ್ದು ಐವತ್ತು.
ಈ ಪ್ರಾಣಿಯ ಹೆಸರು ನನಗೆ ಕಲಿಸಿದ್ದು ಅವರೇ:
ಬಗರ್ ಅಲ್ ಬಹರ್, ಕಡಲಿನ ಆಕಳು.
ಬಗರ್ ಅಂದದ್ದೇ ನಕ್ಕುಬಿಟ್ಟೆ.
ಯಾಕೆಂದು ಕೇಳಿದರು. ಹೇಗೆ ಹೇಳಲಿ,
ಇಪ್ಪತ್ತೆರಡು ವರ್ಷ ನನ್ನಪ್ಪ
ತಾಲೂಕು ಕಚೇರಿಗೆ ಅಲೆದ
ಬಗರ್‌ಹುಕುಂ ಅರ್ಜಿಯ ಕಥೆ!
ಆಮೇಲೆ ಅನ್ನಿಸಿತು, ಇದರದ್ದೂ ಅದೇ ಕೇಸು.
ತಲೆಮಾರುಗಳಿಂದ ಮೇಯ್ದ ನೀರೊಳಗಿನ ಹುಲ್ಲು,
ಹೆಸರಿನಲ್ಲಿ ಪಟ್ಟಾ ಇಲ್ಲ.
ನೆತ್ತಿಯ ಮೇಲೆ ದೋಣಿ, ಪಕ್ಕದಲ್ಲಿ ಡ್ರೆಜ್ಜರು.
ಅರ್ಜಿ ಬರೆದುಕೊಡುವವರು
ವ್ಯಾನಿನಲ್ಲಿ ಕೂತ ನಾವಿಬ್ಬರು.

ಬೆಳಿಗ್ಗೆ ಶಾಲೆ. ತಣ್ಣನೆಯ ಹಾಲಿನಲ್ಲಿ
ಚಕ್ಕಳಮಕ್ಕಳ ಹಾಕಿ ಕೂತ ನೂರಾಹತ್ತು ಮಕ್ಕಳು.
ಇದನ್ನು ಜೀವಂತ ನೋಡಿದವರು ಕೈ ಎತ್ತಿ, ಅಂದರು ಮೇಡಂ.
ಒಂದು ಕೈಯೂ ಏಳಲಿಲ್ಲ.
ಹಿಂದಿನ ಸಾಲಿನಲ್ಲಿ ಮುಂಹಲ್ಲು ಬಿದ್ದ ಹುಡುಗಿ
"ಅದಕ್ಕೆ ನಾವು ಗೊತ್ತಾ?" ಎಂದಳು.
ಮೇಡಂ ಮುಂದಿನ ಸ್ಲೈಡಿಗೆ ಹೋದರು.

ಸಂಜೆ ಜೆಟ್ಟಿ. ಅಂಗಿ ಬೆನ್ನಿಗಂಟಿತ್ತು.
ಬಲೆ ಹೆಣೆಯುತ್ತ ಕೂತ ಹದಿನಾಲ್ಕು ಜನ:
ಚಿತ್ತಗಾಂಗಿನವರು, ಶ್ರೀಕಾಕುಳಂನವರು, ವೆರಾವಲ್‌ನವರು,
ಇಬ್ಬರು ನಮ್ಮ ತದಡಿಯವರು.
ಕರಪತ್ರ ಹಂಚಿದೆವು. ಯಾರ ಭಾಷೆಯೂ ಅದರಲ್ಲಿರಲಿಲ್ಲ;
ಒಬ್ಬ ಬೆನ್ನ ಕಡೆಯ ಖಾಲಿ ಜಾಗ ನೋಡಿ ಮಡಚಿಟ್ಟುಕೊಂಡ,
ಲೆಕ್ಕ ಬರೆಯಲು.
ಮೇಡಂ ಅರಬಿಯಲ್ಲಿ, ನಾನು ಹಿಂದಿಯಲ್ಲಿ, ಮುರುಕು ತೆಲುಗಿನಲ್ಲಿ
ಅದೇ ಪ್ರಶ್ನೆ: ನೋಡಿದವರು ಕೈ ಎತ್ತಿ.
ಇಲ್ಲೂ ಒಂದು ಕೈ ಏಳಲಿಲ್ಲ.
ಶಾಲೆಯಲ್ಲಿ ಯಾರೂ ನೋಡಿರಲಿಲ್ಲ.
ಇಲ್ಲಿ ಎಲ್ಲರೂ ನೋಡಿದ್ದರು.
ಬಲೆಯ ಸೂಜಿಗಳು ಮಾತ್ರ
ಇನ್ನಷ್ಟು ಚುರುಕಾಗಿ ಓಡಿದವು.

ಕತ್ತಲಾದ ಮೇಲೆ, ಮೇಡಂ ಫೋನಿನಲ್ಲಿದ್ದಾಗ
ಮಂಕಾಳಿ ಹರಿಕಾಂತ ಬಂದ, ಕೈಯಲ್ಲಿ ಸುಲೈಮಾನಿ ಲೋಟ.
ಚಾಪೆ ಸರಿಸಿ ಹಸುವನ್ನು ತಲೆಯಿಂದ ಬಾಲದವರೆಗೆ ನೋಡಿದ,
ಹರಾಜಿನಲ್ಲಿ ಅಂಜಲಿನ ಕಿವಿರೆತ್ತಿ ನೋಡುವವನ ಹಾಗೆ.
"ಯಾರು ಮಾಡಿದ್ದು ಮಾರಾಯ? ಮೂಗೇ ತಪ್ಪು.
ಅದಕ್ಕೆ ಮುಚ್ಚಳ ಇರ್ತದೆ, ಮುಳುಗುವಾಗ ಮುಚ್ಕೊಳ್ತದೆ.
ಮತ್ತೆ ಮೊಲೆ ಎಲ್ಲಿ? ಇಲ್ಲಿ, ಕಂಕುಳಲ್ಲಿ."
ಬೆರಳಿಟ್ಟು ತೋರಿಸಿದ.
ಬೆರಳು ತುಸು ಹೊತ್ತು ಅಲ್ಲೇ ಇತ್ತು.
"ತಾಯಿ ಬಲೇಲಿ ಉಸಿರು ಕಟ್ಟಿ ತಣ್ಣಗಾಗಿತ್ತು.
ಮರಿ ಬಾಯಿ ಬಿಟ್ಟಿರ್ಲಿಲ್ಲ."

ಯಾವಾಗ, ಕೇಳಲಿಲ್ಲ. ಯಾವ ದೋಣಿ, ಕೇಳಲಿಲ್ಲ.
ಬಲೆ ಕೊಯ್ದೆಯಾ ಎಂದೆ.
"ಬಲೆ ಯಜಮಾನಂದು."
ಚಹಾ ಮುಗಿಯಿತು. ಲೋಟದ ತಳದ ಸಕ್ಕರೆಯೂ ಮುಗಿಯಿತು.
"ಮರಿಯ ಬಾಲಕ್ಕೆ ಸುತ್ತಿದ್ದಷ್ಟು ಕೊಯ್ದೆ.
ಹನ್ನೊಂದು ದಿನದ ಸಂಬಳ."

ಡ್ಯಾಶ್‌ಬೋರ್ಡಿನ ಮಾರ್ಕರ್ ಇಸಕೊಂಡು
ಹಸುವಿನ ಕಂಕುಳಲ್ಲಿ ಸಣ್ಣದೊಂದು ಸುತ್ತು ಬರೆದ,
ಮೂಗಿಗೆ ಎರಡು ಅರ್ಧಚಂದ್ರ.

ಬೆಳಿಗ್ಗೆ ಮೇಡಂ ಕಂಡರು. ಯಾರ ಕೈಯಿದು?
ನೋಡಿದವನದು, ಅಂದೆ.
ಒರೆಸಲು ತೆಗೆದ ಬಟ್ಟೆಯನ್ನು ಮತ್ತೆ ಮಡಚಿದರು.

ಆ ರಾತ್ರಿ ರೂಮಿನಲ್ಲಿ, ಮೇಲಿನ ಮಂಚದವನ ಗೊರಕೆಯ ಕೆಳಗೆ,
ಕನ್ನಡದಲ್ಲಿ ಎರಡು ಕರಪತ್ರ ಬರೆಯಲು ಕೂತೆ.
ಎರಡೇ. ತದಡಿಯವರಿಬ್ಬರಿಗೆ.
ಕಾನೂನು, ದಂಡದ ಸಾಲು ಬಿಟ್ಟೆ.
'ಉಸಿರಿಗೆಂದು ಅದು ಮೇಲೆ ಬರಲೇಬೇಕು' ಎಂದು ಶುರುಮಾಡಿ
ಅಲ್ಲಿಗೇ ನಿಂತೆ. ಪೆನ್ನಿನ ಮುಚ್ಚಳ ಕಚ್ಚುತ್ತ ಕೂತೆ.

ಮುಂದಿನ ಸಾಲು
ಮಂಕಾಳಿಯನ್ನೇ ಕೇಳಬೇಕು.